ಮನೆ ಮನೆಯ ಕೆಲಸ, ಒಂದೇ ಲೆಕ್ಕದ ಪುಸ್ತಕ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾವು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಆಮೇಲೆ ಎತ್ತಿನ ಹಿಂದೆ ಹೋದವರು. ಸಭೆಯಲ್ಲಿ ನಿಂತು ಮಾತಾಡುವ ರೂಢಿ ನಮಗಿಲ್ಲ. ಆದರೂ ನಮ್ಮ ಕಾರ್ಯದರ್ಶಿಗಳು "ನಿಮ್ಮ ಮನೆಯ ರೊಟ್ಟಿ ವ್ಯಾಪಾರದ ಬಗ್ಗೆ ನಾಲ್ಕು ಮಾತು ಹೇಳ್ರಿ, ತರುಣರಿಗೆ ಉಪಯೋಗ ಆಗತೈತಿ" ಎಂದು ಒತ್ತಾಯ ಮಾಡಿದರು. ಗೆದ್ದದ್ದನ್ನಷ್ಟೇ ಹೇಳಿದರೆ ಅದು ಬಡಾಯಿ ಆಗುತ್ತದೆ. ಆದ್ದರಿಂದ ಎಡವಿದ್ದನ್ನೂ ಹೇಳುತ್ತೇವೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಭಾಗದ ಕಥೆ ನಿಮಗೆ ಹೊಸದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ಹಳ್ಳಿಗಳಲ್ಲಿ ಬೀಗ ಹಾಕಿದ ಮನೆ ಇಲ್ಲದ ಓಣಿ ಇಲ್ಲ. ಮಳೆ ಕೈಕೊಟ್ಟ ವರ್ಷ ಗಂಡ ಹೆಂಡತಿ ಇಬ್ಬರೂ ಗೋವಾ, ಪುಣೆ, ಮುಂಬೈ, ಮಂಗಳೂರು ಎಂದು ದುಡಿಯಲು ಹೋಗುತ್ತಾರೆ. ಮಕ್ಕಳನ್ನು ಮುದುಕರ ಕೈಯಲ್ಲಿ ಬಿಟ್ಟು ಹೋಗುತ್ತಾರೆ. ಆಲಮಟ್ಟಿ ಅಣೆಕಟ್ಟು ನಮ್ಮ ಮಗ್ಗುಲಲ್ಲೇ ಇದ್ದರೂ ಎಲ್ಲರ ಹೊಲಕ್ಕೆ ನೀರು ಬಂದಿಲ್ಲ. ಕೆಲಸ ಇರುವಲ್ಲಿಗೆ ಜನ ಹೋಗಬೇಕು ಎಂಬುದು ನಮ್ಮ ಹಣೆಬರಹ ಎಂದೇ ತಿಳಿದಿದ್ದೆವು. ಜನ ಇರುವಲ್ಲಿಗೆ ಕೆಲಸ ಬರಬಹುದು ಎಂಬುದು ನಮಗೆ ಗೊತ್ತಾದದ್ದು 2020ರಲ್ಲಿ.

ಆ ವರ್ಷ ಕೊರೋನಾ ಬಂದಾಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ ನಮ್ಮ ತಮ್ಮ ಊರಿಗೆ ಬಂದ. ಕೈಯಲ್ಲಿ ರೊಕ್ಕ ಇಲ್ಲ. ಮನೆಯಲ್ಲಿ ಇದ್ದದ್ದು ಹಗೇವಿನಿಂದ ತೆಗೆದ ಬಿಳಿಜೋಳ. ಅವನು ಪ್ರತಿ ಸಲ ಪುಣೆಗೆ ಹೋಗುವಾಗ ಒಂದು ಗಂಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುತ್ತಿದ್ದ. ಅಲ್ಲಿಯ ನಮ್ಮ ಕಡೆಯ ಜನ ಅದಕ್ಕೆ ಮುಗಿಬೀಳುತ್ತಿದ್ದರು. ಬಸ್ಸು ಓಡಾಡಲು ಶುರುವಾದ ಮೇಲೆ ಅವರೇ ಫೋನು ಮಾಡಿ, "ರೊಟ್ಟಿ ಕಳಿಸ್ರಿ, ರೊಕ್ಕ ಫೋನಿನಾಗ ಹಾಕ್ತೀವಿ" ಅಂದರು. ನಮ್ಮ ತಮ್ಮನ ಹೆಂಡತಿ ಬಿ.ಕಾಂ. ಓದಿದಾಕೆ. "ಭಾವಾರ, ಇದನ್ನ ವ್ಯಾಪಾರ ಮಾಡೋಣ್ರಿ" ಅಂದಳು. ನಾವು ನಕ್ಕೆವು. ರೊಟ್ಟಿ ಮಾರುವುದು ಒಂದು ವ್ಯಾಪಾರವೇ ಎಂಬುದು ನಮ್ಮ ಆಗಿನ ಬುದ್ಧಿ.

ಆಕೆ ನಗಲಿಲ್ಲ. ಬೇಡಿಕೆ ಹೆಚ್ಚಾದಾಗ ನಮ್ಮ ಮನೆಯ ಎರಡು ಹಂಚು ಸಾಲಲಿಲ್ಲ. ಅಂಗಡಿ ಹಿಡಿಯಲು, ಷೆಡ್ ಕಟ್ಟಲು ಬಂಡವಾಳ ಇಲ್ಲ. ಆಕೆ ಏನು ಮಾಡಿದಳು? ಬೀಗತನದ ನಂಟನ್ನೇ ಕಾರ್ಖಾನೆ ಮಾಡಿದಳು. ತವರು ಸಿಂದಗಿ ಕಡೆ, ಅಲ್ಲಿ ಅತ್ತಿಗೆಯವರಿಂದ ಶೇಂಗಾ ಹಿಂಡಿ, ಅಗಸಿ ಹಿಂಡಿ. ಅಕ್ಕನನ್ನು ಕೊಟ್ಟದ್ದು ಇಂಡಿ ಕಡೆ, ಅಲ್ಲಿಂದ ಲಿಂಬಿಕಾಯಿ ಉಪ್ಪಿನಕಾಯಿ. ಇಂಡಿ ಲಿಂಬೆಗೆ ಜಿಐ ಮಾನ್ಯತೆ ಇದೆ, ಲಿಂಬೆ ಅಭಿವೃದ್ಧಿ ಮಂಡಳಿಯೂ ಅಲ್ಲೇ ಇದೆ, ಆ ಹೆಸರು ಗಿರಾಕಿಗಳಿಗೆ ಗೊತ್ತು. ಚಿಕ್ಕಮ್ಮನ ಊರು ಮುದ್ದೇಬಿಹಾಳ ಕಡೆ, ಅಲ್ಲಿ ನಾಲ್ಕು ಮನೆಯವರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುವವರು. ಬಾಗೇವಾಡಿ ಕಡೆ ನಾವು, ಬಿಳಿಜೋಳದ ರೊಟ್ಟಿ. ಹದಿನಾಲ್ಕು ಮನೆ, ನಾಲ್ಕು ದಿಕ್ಕು. ಅಂಗಡಿ ಎಲ್ಲೂ ಇಲ್ಲ, ಬೋರ್ಡು ಇಲ್ಲ. ಇರುವುದು ಒಂದು ಫೋನು, ಒಂದು ನೋಟುಬುಕ್ಕು. ಬೇಡಿಕೆ ಫೋನಿನಲ್ಲಿ ಬರುತ್ತದೆ, ಹಂಚಿಕೆ ಫೋನಿನಲ್ಲಿ ಆಗುತ್ತದೆ, ಮಾಲು ಬಸ್ಸಿನಲ್ಲಿ ಬಂದು ನಮ್ಮ ಮನೆಯಲ್ಲಿ ಕೂಡುತ್ತದೆ, ಮತ್ತೆ ಬಸ್ಸಿನಲ್ಲಿ ಹೋಗುತ್ತದೆ. ಕೆಲವು ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ಇನ್ನೂ ನೋಡಿಲ್ಲ.

ಇದು ಹೊಸ ಕಾಲದ ಮೋಜು ಎಂದು ಕೆಲವರು ತಿಳಿಯಬಹುದು. ಇಲ್ಲ. ಹಾಲಿನ ಡೇರಿಯನ್ನೇ ನೋಡಿರಿ. ಎಮ್ಮೆ ನಿಮ್ಮ ಹಟ್ಟಿಯಲ್ಲಿ, ಮೇವು ನಿಮ್ಮದು, ಹಿಂಡುವ ಕೈ ನಿಮ್ಮದು. ಯಾರೂ ಕಾರ್ಖಾನೆಗೆ ಹೋಗಿ ಹಾಲು ಹಿಂಡುವುದಿಲ್ಲ. ಆದರೂ ಸಾವಿರಾರು ಹಟ್ಟಿಯ ಹಾಲು ಒಂದೇ ಪೊಟ್ಟಣದಲ್ಲಿ ಒಂದೇ ಹೆಸರಿನಿಂದ ಮಾರಾಟವಾಗುತ್ತದೆ. ಹೇಗೆ? ಪ್ರತಿ ಹೊತ್ತು ಅಳತೆ ಇದೆ, ಜಿಡ್ಡಿನ ಪರೀಕ್ಷೆ ಇದೆ, ಪುಸ್ತಕದಲ್ಲಿ ಬರೆದ ಅಂಕಿ ಇದೆ, ಅದರ ಪ್ರಕಾರ ರೊಕ್ಕ ಇದೆ.

ಮುಂಬೈಯ ಲಿಜ್ಜತ್ ಪಾಪಡ್ ಹೆಸರು ನೀವೆಲ್ಲ ಕೇಳಿದ್ದೀರಿ. 1959ರ ಮಾರ್ಚ್ 15ರಂದು ಗಿರಗಾಂವದ ಏಳು ಮಂದಿ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಕುಳಿತರು. ಇವತ್ತು ಅದರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದಾರೆ. ಅವರ ಪದ್ಧತಿ ಇಷ್ಟೇ: ಕೇಂದ್ರದಿಂದ ಕಲಸಿದ ಹಿಟ್ಟು ಒಯ್ಯಬೇಕು, ಮನೆಯಲ್ಲಿ ಲಟ್ಟಿಸಿ ಒಣಗಿಸಬೇಕು, ಮರುದಿನ ತಂದು ತೂಕ ಮಾಡಿಸಿ ಕೂಲಿ ಪಡೆಯಬೇಕು. ಕೆಲಸ ಮಾಡುವವರೇ ಮಾಲಕರು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅವರು ಫೋನು ಇಲ್ಲದ ಕಾಲದಲ್ಲಿ ಮಾಡಿದ್ದನ್ನು ನಾವು ಫೋನು ಇಟ್ಟುಕೊಂಡು ಮಾಡಲಾರೆವೇ?

ಇಲ್ಲಿಯವರೆಗೆ ಹೇಳಿದ್ದು ಸುಲಭದ ಮಾತು. ಇನ್ನು ನಾವು ಎಡವಿದ ಕಥೆ.

2022ರ ಶ್ರಾವಣದಲ್ಲಿ ಪುಣೆಯಿಂದ ಒಂದು ದೊಡ್ಡ ಬೇಡಿಕೆ ಬಂತು. ಒಂದು ಮನೆಯ ಕಾರ್ಯಕ್ರಮಕ್ಕೆ ಆರು ನೂರು ರೊಟ್ಟಿ. ಜಿಟಿಜಿಟಿ ಮಳೆ. ಮೂರು ಕಡೆಯಿಂದ ರೊಟ್ಟಿ ಬಂದವು. ಎಲ್ಲವನ್ನೂ ಕೂಡಿಸಿ, ಕಟ್ಟಿ, ರಾತ್ರಿ ಬಸ್ಸಿಗೆ ಹಾಕಿದೆವು. ಮೂರನೇ ದಿನಕ್ಕೆ ಫೋನು: "ಅರ್ಧಕ್ಕರ್ಧ ಬೂಸು ಹಿಡದಾವ್ರಿ. ಮಂದಿ ಮುಂದ ನಮ್ಮ ಮರ್ಯಾದಿ ಹೋತು." ರೊಕ್ಕ ವಾಪಸು ಕೊಟ್ಟೆವು. ನಷ್ಟ ಯಾರ ಮೇಲೆ ಹಾಕುವುದು?

ಆಗ ಲೆಕ್ಕ ನೋಡುತ್ತಿದ್ದವರು ನಾವು. ಸಂಘದ ನಿರ್ದೇಶಕ ಎಂಬ ಹಮ್ಮು ಬೇರೆ. ಮುದ್ದೇಬಿಹಾಳ ಕಡೆಯ ಒಬ್ಬ ತಾಯಿ, ಗಂಡ ತೀರಿಕೊಂಡಾಕೆ, ಇಬ್ಬರು ಮಕ್ಕಳು, ಎರಡು ನೂರು ರೊಟ್ಟಿ ಆಕೆಯ ಕೈಯದು. ನಾವು ವಿಚಾರ ಮಾಡಿದ್ದು ಹೀಗೆ: ನಮ್ಮ ಮನೆಯ ರೊಟ್ಟಿ ನಮ್ಮ ಕಣ್ಣೆದುರು ಆದದ್ದು, ಅದರಲ್ಲಿ ತಪ್ಪಿರಲಾರದು. ನೆರೆಮನೆಯವರದು ನೋಡಿದ್ದೇವೆ. ದೂರದ ರೊಟ್ಟಿಯೇ ಹಸಿ ಇದ್ದಿರಬೇಕು. ಆಕೆಯ ಎರಡು ನೂರು ರೊಟ್ಟಿಯ ಕೂಲಿ ಆರು ನೂರು ರೂಪಾಯಿ ಹಿಡಿದುಬಿಟ್ಟೆವು. ಆಕೆ ಫೋನಿನಲ್ಲಿ, "ಅಣ್ಣಾರ, ನಾ ಒಲಿ ಮುಂದ ಇಟ್ಟು ಒಣಗಿಸೇ ಕಳಿಸೀನ್ರಿ" ಎಂದು ಎರಡು ಸಲ ಹೇಳಿದಳು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆ ಕೆಲಸ ಬಿಟ್ಟಳು. ಆ ಊರಲ್ಲಿ ಮಾತು ಹಬ್ಬಿತು, ಆಕೆಯ ಕೈ ರೊಟ್ಟಿ ಕೆಡುತ್ತವೆ ಎಂದು. ಮದುವೆ ಮನೆಗೆ ರೊಟ್ಟಿ ಬಡಿಯಲು ಕರೆಯುವವರೂ ಕರೆಯುವುದನ್ನು ಬಿಟ್ಟರು.

ಹದಿನೈದು ದಿನಕ್ಕೆ ಇನ್ನೊಂದು ಗಂಟು ಕೆಟ್ಟಿತು. ಈ ಸಲ ಅದರಲ್ಲಿ ಇದ್ದದ್ದೆಲ್ಲ ನಮ್ಮ ಮನೆಯ ರೊಟ್ಟಿ. ತಮ್ಮನ ಹೆಂಡತಿ ಕುಳಿತು ವಿಚಾರಿಸಿದಳು, ಎಂದು ಬಡಿದದ್ದು, ಎಷ್ಟು ಹೊತ್ತು ಆರಿಸಿದ್ದು, ಯಾರು ಕಟ್ಟಿದ್ದು. ಉತ್ತರ ಸಿಕ್ಕಿತು. ಬಸ್ಸು ತಪ್ಪುತ್ತದೆ ಎಂದು ಬಿಸಿ ಆರದ ರೊಟ್ಟಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಟ್ಟಿದವರು ನಾವೇ. ಚೀಲದೊಳಗೆ ಬೆವರು ಬಿಟ್ಟು ಬೂಸು ಹಿಡಿದಿತ್ತು. ಶ್ರಾವಣದ ಆ ದಿನವೂ ಗಂಟು ಕಟ್ಟಿದ ಕೈ ಇದೇ ಕೈ. ನಮ್ಮ ಬಿಸಿ ರೊಟ್ಟಿಯ ಬೆವರು ಆ ತಾಯಿಯ ಒಣಗಿದ ರೊಟ್ಟಿಯನ್ನೂ ಕೆಡಿಸಿತ್ತು.

ಮರುದಿನವೇ ಎಲೆ ಅಡಿಕೆ, ಆರು ನೂರು ರೂಪಾಯಿ ತೆಗೆದುಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆವು. ಆಕೆ ಚಾ ಮಾಡಿ ಕೊಟ್ಟಳು. ರೊಕ್ಕ ಎಣಿಸಿ ಪಡಿಯ ಮೇಲೆ ಇಟ್ಟಳು. ಆಮೇಲೆ ಒಂದು ಮಾತು ಅಂದಳು: "ರೊಕ್ಕ ಬಂತ್ರಿ ಅಣ್ಣಾರ. ಹೋದ ಹೆಸರ ಯಾರ ತಂದ ಕೊಡ್ತಾರ್ರಿ?"

ಬಂಧುಗಳೇ, ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಓಣಿಯ ನಾಲ್ಕು ಮನೆಗೆ ಹೋಗಿ, ತಪ್ಪು ನಮ್ಮದು, ಇವರದಲ್ಲ ಎಂದು ಹೇಳಿ ಬಂದೆವು. ಇವತ್ತು ಈ ವೇದಿಕೆಯ ಮೇಲೂ ಹೇಳುತ್ತಿದ್ದೇವೆ. ಆದರೂ ಅದು ತುಂಬಿ ಬಂತು ಎಂದು ನಾವು ತಿಳಿದಿಲ್ಲ.

ಆ ದಿನ ನಮಗೆ ತಿಳಿದದ್ದು ಇಷ್ಟು. ಎದುರಿಗೆ ಇಲ್ಲದವರ ಜೊತೆ ಕೆಲಸ ಮಾಡುವಾಗ ಮೊದಲು ಬರುವ ಕೇಡು ಅವರ ಕಳ್ಳತನ ಅಲ್ಲ, ನಮ್ಮ ಸಂಶಯ. ತಪ್ಪು ಯಾವಾಗಲೂ ದೂರದವರ ಮೇಲೆ, ಬಡವರ ಮೇಲೆ ಹೋಗಿ ಕೂಡುತ್ತದೆ. ಒಂದೇ ಸೂರಿನಡಿ ಕೆಲಸ ಮಾಡುವಾಗ ಮುಖ ಸಾಕ್ಷಿ ಇರುತ್ತದೆ. ಬೇರೆ ಬೇರೆ ಊರಲ್ಲಿ ಕೆಲಸ ಮಾಡುವಾಗ ಲೆಕ್ಕದ ಪುಸ್ತಕವೇ ಸಾಕ್ಷಿ ಆಗಬೇಕು. ಪುಸ್ತಕ ಇರುವುದು ಮಾಲಕನ ರಕ್ಷಣೆಗೆ ಎಂದು ನಾವು ತಿಳಿದಿದ್ದೆವು. ಅದು ದೂರದಲ್ಲಿ ದುಡಿಯುವ ಕೈಯ ರಕ್ಷಣೆಗೂ ಬೇಕು.

ಆ ಮೇಲೆ ಪದ್ಧತಿ ಬದಲು ಮಾಡಿದೆವು. ಇಂಥ ಉದ್ಯೋಗ ಮಾಡಬೇಕೆನ್ನುವವರ ಉಪಯೋಗಕ್ಕೆ ಹೇಳುತ್ತೇವೆ.

ಮೊದಲನೆಯದು, ಅಳತೆ. ಒಂದು ಕಿಲೋ ಹಿಟ್ಟಿಗೆ ಒಬ್ಬಾಕೆ ಇಪ್ಪತ್ತು ರೊಟ್ಟಿ ಮಾಡಿದರೆ ಇನ್ನೊಬ್ಬಾಕೆ ಇಪ್ಪತ್ತಾರು ಮಾಡುತ್ತಿದ್ದಳು. ಗಿರಾಕಿಗೆ ಒಂದು ದಪ್ಪ, ಒಂದು ತೆಳು. ಈಗ ಎಲ್ಲ ಮನೆಗೂ ಒಂದೇ ಅಳತೆಯ ತಟ್ಟೆ ಕೊಟ್ಟಿದ್ದೇವೆ, ರೊಟ್ಟಿ ಅದರ ಅಂಚಿಗೆ ಸರಿಯಾಗಿ ಬರಬೇಕು. ಒಂದು ಕಿಲೋಕ್ಕೆ ಇಪ್ಪತ್ತು ಎಂದು ಗೊತ್ತು ಮಾಡಿದ್ದೇವೆ.

ಎರಡನೆಯದು, ಚೀಟಿ. ಪ್ರತಿ ಇಪ್ಪತ್ತೈದು ರೊಟ್ಟಿಯ ಕಟ್ಟಿಗೆ ಮನೆಯ ನಂಬರು, ಬಡಿದ ದಿನ ಬರೆದ ಚೀಟಿ ಇರಬೇಕು. ಕಟ್ಟಿದವರ ನಂಬರೂ ಇರಬೇಕು. ನಮ್ಮ ಮನೆಗೂ ನಂಬರು ಇದೆ. ಒಂದು ಮನೆಯ ರೊಟ್ಟಿ ಇನ್ನೊಂದು ಮನೆಯ ರೊಟ್ಟಿಯ ಜೊತೆ ಕೂಡಿಸಬಾರದು. ಆರದೆ ಕಟ್ಟಬಾರದು, ಬಸ್ಸು ಹೋದರೆ ಹೋಗಲಿ.

ಮೂರನೆಯದು, ರೊಕ್ಕ. ಮಾಲು ನಮ್ಮ ಕೈಗೆ ಮುಟ್ಟಿದ ದಿನವೇ ಕೂಲಿ ಅವರ ಖಾತೆಗೆ ಹೋಗಬೇಕು. ಗಿರಾಕಿ ಕೊಡಲಿ ಬಿಡಲಿ. ಎಂಟು ರೂಪಾಯಿಗೆ ಒಂದು ರೊಟ್ಟಿ ಮಾರಿದರೆ ಅದರಲ್ಲಿ ಜೋಳ ಮತ್ತು ಬೀಸಿದ್ದು ಸುಮಾರು ಎರಡು ರೂಪಾಯಿ, ಉರುವಲು ಐವತ್ತು ಪೈಸೆ, ಕೈಕೂಲಿ ಮೂರು ರೂಪಾಯಿ, ಚೀಲ ಮತ್ತು ಬಸ್ಸಿನ ಖರ್ಚು ಒಂದೂವರೆ, ಉಳಿಯುವುದು ಒಂದು ರೂಪಾಯಿ. ಈ ಲೆಕ್ಕ ಹದಿನಾಲ್ಕೂ ಮನೆಗೆ ಗೊತ್ತು. ಮುಚ್ಚಿಟ್ಟ ಲೆಕ್ಕಕ್ಕೆ ಬಾಯಿ ನೂರು.

ನಾಲ್ಕನೆಯದು, ಮಾತು. ಓದಲು ಬಾರದ ತಾಯಂದಿರು ಇದ್ದಾರೆ. ಅವರಿಗೆ ಬರೆದು ಕಳಿಸಿದರೆ ಉಪಯೋಗವಿಲ್ಲ. ಫೋನಿನಲ್ಲಿ ಧ್ವನಿ ಮುದ್ರಿಸಿ ಕಳಿಸುತ್ತೇವೆ, ಅವರೂ ಹಾಗೆಯೇ ಉತ್ತರ ಕೊಡುತ್ತಾರೆ. ಪ್ರತಿ ಅಮಾವಾಸ್ಯೆಯ ಮರುದಿನ ಎಲ್ಲರೂ ಒಂದೇ ಕರೆಯಲ್ಲಿ ಕೂಡಿ ಲೆಕ್ಕ ಕೇಳುತ್ತಾರೆ. ರಾತ್ರಿ ಎಂಟರ ಮೇಲೆ ಕೆಲಸದ ಫೋನು ಮಾಡಬಾರದು. ಮನೆಯಲ್ಲೇ ಕೆಲಸ ಎಂದರೆ ದಿನಪೂರ್ತಿ ಕೆಲಸ ಎಂದು ಅರ್ಥ ಅಲ್ಲ.

ಐದನೆಯದು, ಹೊಲ. ಹಿಂಗಾರಿ ಬಿತ್ತನೆ, ಎಳ್ಳಮಾವಾಸ್ಯೆ, ಜೋಳದ ರಾಶಿ, ಇಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ಪುರಸೊತ್ತು ಇರುವುದಿಲ್ಲ. ಆಗ ಬೇಡಿಕೆ ಕಡಿಮೆ ಹಿಡಿಯುತ್ತೇವೆ. "ಇಷ್ಟೇ ಆಗತೈತ್ರಿ" ಎಂದು ಗಿರಾಕಿಗೆ ಮೊದಲೇ ಹೇಳುವುದರಲ್ಲಿ ನಾಚಿಕೆ ಇಲ್ಲ. ಆಹಾರದ ವ್ಯಾಪಾರ ಆದ್ದರಿಂದ ಆಹಾರ ಸುರಕ್ಷತಾ ಇಲಾಖೆಯ ನೋಂದಣಿಯನ್ನೂ ಮಾಡಿಸಲೇಬೇಕು.

ಈ ಪದ್ಧತಿ ನಡೆದು ಎಂಟು ತಿಂಗಳಿಗೆ ಆ ತಾಯಿ ತಾನಾಗಿ ಫೋನು ಮಾಡಿದಳು. "ಚೀಟಿ ಹಚ್ಚತೀರಿ ಅಂತಲ್ರಿ? ಹಂಗಾದ್ರ ನಾ ಮಾಡ್ತೀನಿ" ಅಂದಳು. ಈಗ ಆಕೆಯದು ಏಳನೇ ನಂಬರಿನ ಮನೆ. ಪುಣೆಯ ಕೆಲವು ಗಿರಾಕಿಗಳು "ಏಳನೇ ನಂಬರಿನ ರೊಟ್ಟಿನ ಕಳಿಸ್ರಿ" ಎಂದು ಕೇಳುತ್ತಾರೆ. ನಮ್ಮ ತಮ್ಮ ಪುಣೆಗೆ ಮರಳಿ ಹೋಗಲಿಲ್ಲ.

ಇದು ನಮ್ಮ ಮನೆಯ ಸಣ್ಣ ಮಾತು. ನೆರೆಯ ಕಲಬುರಗಿಯಲ್ಲಿ ಇದೇ ರೊಟ್ಟಿ ದೊಡ್ಡ ಮಟ್ಟದಲ್ಲಿ ನಡೆದಿದೆ. ಅಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕೂಡಿಸಿ 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರು ಕೊಟ್ಟು ಮಾರಾಟ ಮಾಡಿಸಲು ಜಿಲ್ಲಾಡಳಿತ ಮುಂದೆ ಬಂತು. 2025ರ ಜೂನ್ ತಿಂಗಳ 'ಮನ್ ಕಿ ಬಾತ್' ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಇದನ್ನು ಹೇಳಿದರು. ಅವರ ಸಹಕಾರ ಸಂಘದಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಆಗುತ್ತವೆ ಎಂದು ಆಗ ಕೇಳಿದೆವು. ಕಲಬುರಗಿಯ ಜೋಳಕ್ಕೆ ಆದದ್ದು ವಿಜಯಪುರದ ಜೋಳಕ್ಕೂ ಆಗಬಹುದು.

ರೊಟ್ಟಿ ಅಷ್ಟೇ ಅಲ್ಲ. ಓದಿದ ಮಕ್ಕಳಿಗೆ ಬೇರೆ ಕೆಲಸಗಳೂ ಹಳ್ಳಿಗೆ ಬರುತ್ತಿವೆ. 'ಕಾರ್ಯ' ಎಂಬ ಸಂಸ್ಥೆ 2021ರಿಂದ ಹಳ್ಳಿಯ ಜನರಿಗೆ ಫೋನಿನಲ್ಲೇ ಮಾಡುವ ಕೆಲಸ ಕೊಡುತ್ತಿದೆ. ನಮ್ಮ ರಾಜ್ಯದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಕನ್ನಡದ ವಾಕ್ಯಗಳನ್ನು ಫೋನಿಗೆ ಓದಿ ಹೇಳಿ ಕೂಲಿ ಪಡೆದಿದ್ದಾರೆ. ಕಂಪ್ಯೂಟರಿಗೆ ಕನ್ನಡ ಕಲಿಸಲು ಆ ಧ್ವನಿ ಬೇಕಂತೆ. ನಮ್ಮ ಬಾಯಿಮಾತಿಗೂ ಬೆಲೆ ಬಂದಿದೆ ಎಂದಾಯಿತು.

ಇಲ್ಲಿ ಒಂದು ಎಚ್ಚರಿಕೆ. "ಮನೆಯಲ್ಲೇ ಕೂತು ಕೆಲಸ, ತಿಂಗಳಿಗೆ ಇಷ್ಟು ಸಾವಿರ" ಎಂದು ಫೋನಿಗೆ ಬರುವುದೆಲ್ಲ ಕೆಲಸವಲ್ಲ. ನಮ್ಮ ಊರಿನ ಒಬ್ಬ ಹುಡುಗ ಇಂಥದನ್ನು ನಂಬಿ ಮೊದಲು ನೋಂದಣಿಗೆ ಅಂತ, ಆಮೇಲೆ ಠೇವಣಿ ಅಂತ, ಆಮೇಲೆ ದಂಡ ಅಂತ ರೊಕ್ಕ ಕಟ್ಟಿದ. ಅವನ ಅವ್ವ ಶೇಂಗಾ ಮಾರಿದ ರೊಕ್ಕ ಅದು. ಒಂದೇ ಮಾತು ನೆನಪಿಡಿರಿ: ಕೆಲಸ ಕೊಡುವವ ರೊಕ್ಕ ಕೊಡಬೇಕು, ಕೇಳಬಾರದು. ಮೋಸ ಹೋದರೆ ನಾಚಿಕೆಯಿಂದ ಸುಮ್ಮನೆ ಕೂಡದೆ ತಡಮಾಡದೆ 1930 ನಂಬರಿಗೆ ಫೋನು ಮಾಡಿರಿ.

ಇನ್ನು ಸಂಘದ ಮಾತು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತನ ದೊಡ್ಡ ಕಷ್ಟ ಸಾವುಕಾರನ ಬಡ್ಡಿ. ಅದಕ್ಕೆ ಪತ್ತಿನ ಸಂಘ ಔಷಧ ಆಯಿತು. ನಮ್ಮ ಸಂಘವೂ 25 ವರ್ಷ ಬೀಜ, ಗೊಬ್ಬರ, ಬೆಳೆಸಾಲ ಎಂದು ದುಡಿದಿದೆ. ಇವತ್ತಿನ ದೊಡ್ಡ ಕಷ್ಟ ಊರು ಬಿಡುವುದು. 2025ನೇ ಇಸವಿಯನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಹಕಾರ ವರ್ಷ ಎಂದು ಸಾರಿತು. ಮೆರವಣಿಗೆ, ಹಾರ ತುರಾಯಿಗಿಂತ ಕೆಲಸದಿಂದ ಅದನ್ನು ಆಚರಿಸಬೇಕು.

ನಾವು ಕೇಳುವುದು ಹೆಚ್ಚಿಲ್ಲ. ಸಂಘದ ಹಳೆಯ ಗೊಬ್ಬರದ ಗೋದಾಮನ್ನು ಚೆನ್ನಾಗಿ ತೊಳೆದು ಸುಣ್ಣ ಹಚ್ಚಿ ಅದರ ಮಗ್ಗುಲಿನ ಖಾಲಿ ಕೋಣೆಯನ್ನು ಇದಕ್ಕೆ ಕೊಡಬೇಕು. ಗೊಬ್ಬರದ ಕೋಣೆಯಲ್ಲಿ ಆಹಾರ ಇಡಬಾರದು, ಅದಕ್ಕೇ ಮಗ್ಗುಲಿನ ಕೋಣೆ ಎನ್ನುತ್ತೇವೆ. ಒಂದು ತಕ್ಕಡಿ, ಎರಡು ಒಣ ಕಪಾಟು ಸಾಕು. ರಾಶಿ ಆದಾಗ ಜೋಳದ ಧಾರಣೆ ಇಳಿದಿರುತ್ತದೆ, ಆಗ ಸದಸ್ಯರ ಜೋಳವನ್ನೇ ಒಂದಿಷ್ಟು ಕೊಂಡು ಇಡಲು ಮುಂಗಡ ಕೊಡಬೇಕು. ಮುಖ್ಯವಾಗಿ ಪುಸ್ತಕ ಸಂಘದ ಕೈಯಲ್ಲಿ ಇರಬೇಕು, ನಮ್ಮ ಮನೆಯಲ್ಲಿ ಅಲ್ಲ. ವ್ಯಾಪಾರ ಮಾಡುವವನ ಕೈಯಲ್ಲೇ ನ್ಯಾಯದ ತಕ್ಕಡಿ ಇದ್ದರೆ ಏನಾಗುತ್ತದೆ ಎಂದು ನಾವು ಮಾಡಿ ನೋಡಿದ್ದೇವೆ. ದುಡಿಯುವ ಹೆಣ್ಣುಮಕ್ಕಳು ಸಂಘದ ಷೇರುದಾರರಾಗಲಿ, ಲೆಕ್ಕ ಕೇಳುವ ಹಕ್ಕು ಅವರಿಗೆ ಬರಲಿ. ಉಪನಿಯಮ ತಿದ್ದುವುದಿದ್ದರೆ ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಚರ್ಚೆ ಮಾಡೋಣ.

"ರೊಟ್ಟಿಗೆ ಸಂಘದ ರೊಕ್ಕ ಯಾಕ್ರಿ, ಮುಳುಗಿದರ ಯಾರು ಹೊಣೆ?" ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದ್ದಾರೆ. ನ್ಯಾಯದ ಪ್ರಶ್ನೆ. ಸಂಘದ ರೊಕ್ಕ ಎಂದರೆ ನಿಮ್ಮೆಲ್ಲರ ಬೆವರು. ಅದಕ್ಕೇ ಸಣ್ಣದಾಗಿ, ಒಂದು ವರ್ಷದ ಮಟ್ಟಿಗೆ ಮಾಡಿ ನೋಡೋಣ ಎನ್ನುತ್ತೇವೆ. ಲೆಕ್ಕ ಪ್ರತಿ ತಿಂಗಳು ಸಂಘದ ಫಲಕದ ಮೇಲೆ ಹಚ್ಚೋಣ. ಆಗದಿದ್ದರೆ ನಿಲ್ಲಿಸೋಣ.

ನಮ್ಮದು ಬಸವಣ್ಣನವರು ಹುಟ್ಟಿದ ನೆಲ. ಕಾಯಕ, ದಾಸೋಹ ಎಂಬ ಎರಡು ಮಾತು ನಮ್ಮ ಮಕ್ಕಳಿಗೂ ಗೊತ್ತು. ಕಣ್ಣಿಗೆ ಕಾಣದ ದೂರದ ಕೈಯೂ ಕಾಯಕ ಮಾಡುವ ಕೈಯೇ ಎಂದು ತಿಳಿದು, ಅದಕ್ಕೆ ಸಲ್ಲಬೇಕಾದ ಕೂಲಿಯನ್ನೂ ಹೆಸರನ್ನೂ ಸಲ್ಲಿಸಿದರೆ ಸಾಕು. ಮುಂದಿನ ಯುಗಾದಿಗೆ ನಮ್ಮ ಓಣಿಯ ಒಂದು ಮನೆಯ ಬೀಗ ತೆಗೆದರೂ ಈ ಬೆಳ್ಳಿಹಬ್ಬ ಸಾರ್ಥಕ ಆದಂತೆ.

ದೂರದ ಊರುಗಳಿಂದ ಬಂದು ಈ ಹೊತ್ತು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡುತ್ತಿರುವ ಆ ತಾಯಂದಿರಿಗೆ ಶರಣು ಹೇಳಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.